ಸಾಕ್ಷಿ ಸಹಿ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಚೀಲ ಹಿಡಿದು ಮನೆ ಗೇಟು ದಾಟುವುದು ಸುಲಭದ ಮಾತಲ್ಲ. ಕೈಚೀಲವಾದರೆ "ಮಾರ್ಕೆಟ್ಟಿಗಾ?" ಎಂಬ ಒಂದೇ ಪ್ರಶ್ನೆಗೆ ಬಿಡುಗಡೆ. ಗಾಲಿ ಸೂಟ್‌ಕೇಸ್ ಕಂಡರೆ ಪೂರ್ತಿ ವಿಚಾರಣೆ: ಯಾವೂರು, ಯಾರ ಮನೆ, ಎಷ್ಟು ದಿನ, ವಾಪಸ್ ಯಾವಾಗ, ಬೀಗದ ಕೈ ಯಾರ ಹತ್ತಿರ? ಪರದೇಶದ ಇಮಿಗ್ರೇಷನ್ ಕೌಂಟರಿನಲ್ಲಿ ಕೇಳುವುದೂ ಹೆಚ್ಚುಕಡಿಮೆ ಇವನ್ನೇ, ಬೀಗದ ಕೈ ಒಂದನ್ನು ಬಿಟ್ಟು. ಆ ಲೆಕ್ಕಕ್ಕೆ ನಮ್ಮ ಬೀದಿಯಲ್ಲಿ ಪಾಸಾದವರಿಗೆ ಲೋಕದ ಯಾವ ಗಡಿಯೂ ಕಷ್ಟವಾಗಬಾರದು.

ಎದುರು ಮನೆ ರಾಯರೂ ಅವರ ಮನೆಯವರೂ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಾಗ ಇದನ್ನೆಲ್ಲ ಹತ್ತಿರದಿಂದ ನೋಡಿದೆ. ಪಾಸ್‌ಪೋರ್ಟ್ ಮಾಡಿಸುವುದು ಈಗ ಊರೊಳಗಿನ ಕೆಲಸ. ಅಂಚೆ ಇಲಾಖೆಯ ಜೊತೆ ಸೇರಿ ನಡೆಸುವ ಪಾಸ್‌ಪೋರ್ಟ್ ಸೇವಾ ಕೇಂದ್ರ ದೇಶದಲ್ಲಿ ಮೊದಲು ಶುರುವಾದದ್ದೇ 2017ರ ಜನವರಿಯಲ್ಲಿ, ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ರಾಯರು ಅರ್ಜಿಯ ಮೊದಲ ಸಾಲಿಗೇ ನಿಂತರು. ಊರ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್‌ನಲ್ಲಿ ಮಡಿಸಿಟ್ಟುಕೊಂಡು ಪೆನ್ಷನ್‌ವರೆಗೆ ಬಂದವರು. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ. ಅಂದರೆ ಹೆಸರು ಗೊತ್ತಿಲ್ಲ ಎಂದು. ಅದಕ್ಕೆ ಹೆದರಿ ರಾಯರು ಊರನ್ನೇ ಹಿಂದೆ ಹಾಕಿಕೊಂಡು ಮಿಸ್ಟರ್ ಮೈಸೂರು ಆದರು.

ಆಮೇಲೆ ಪೊಲೀಸ್ ವೆರಿಫಿಕೇಷನ್. ಇವರು ಇಲ್ಲೇ ಇರುವವರು, ಯಾವ ತಕರಾರೂ ಇಲ್ಲದವರು ಎನ್ನಲು ಅಕ್ಕಪಕ್ಕದವರ ಸಾಕ್ಷಿ ಬೇಕು. ಒಬ್ಬ ನಾನು, ಇನ್ನೊಬ್ಬರು ಹಿಟ್ಟಿನ ಗಿರಣಿಯವರು. ಪಾಸ್‌ಪೋರ್ಟ್ ಬಂದ ದಿನ ಅದರ ಒಳಪುಟ ಓದಿದೆ. ಇದನ್ನು ಹಿಡಿದು ಬಂದವರನ್ನು ಅಡ್ಡಿಯಿಲ್ಲದೆ ಬಿಡಿ, ಬೇಕಾದ ನೆರವು, ರಕ್ಷಣೆ ಕೊಡಿ ಎಂದು ಭಾರತದ ರಾಷ್ಟ್ರಪತಿಗಳ ಹೆಸರಿನಲ್ಲಿ ಲೋಕಕ್ಕೆಲ್ಲ ಕೇಳಿಕೊಂಡಿದೆ. ರಾಷ್ಟ್ರಪತಿಗಳಿಗೆ ರಾಯರು ಯಾರೆಂದು ಗೊತ್ತಿಲ್ಲ. ಆ ಭರವಸೆಯ ಬುಡ ಹುಡುಕಿಕೊಂಡು ಹೋದರೆ ಸಿಗುವುದು ಹಿಟ್ಟಿನ ಗಿರಣಿಯವರ ಸಹಿ.

ಹೊರಡುವ ಮುಂಚೆ ವಿಡಿಯೋ ಕಾಲ್‌ನಲ್ಲಿ ಮಗಳ ತಾಲೀಮು. "ಅಪ್ಪ, ಕೇಳಿದ್ದಕ್ಕಷ್ಟೇ ಉತ್ತರ ಹೇಳು, ಕಥೆ ಶುರು ಮಾಡ್ಬೇಡ. ಅಮ್ಮ, ಬಾಣಂತನ ಅಂತೆಲ್ಲ ಹೇಳೋಕೆ ಹೋಗ್ಬೇಡ, ಮಗಳನ್ನ ನೋಡೋಕೆ ಬಂದಿದೀವಿ ಅಂದ್ರೆ ಸಾಕು." ಪ್ರವಾಸಿ ವೀಸಾದಲ್ಲಿ ಹೋದವರು ಕೆಲಸ ಮಾಡುವಂತಿಲ್ಲ, ಮಗುವಿಗೆ ಎರೆಯುವುದನ್ನು ಯಾರಾದರೂ ಕೆಲಸ ಅಂದುಬಿಟ್ಟರೆ ಎಂಬ ಭಯ ಅವಳಿಗೆ. ಅಲ್ಲಿನ ಕಾನೂನು ಪ್ರವಾಸಿ ವೀಸಾ ಕೇಳಿದವರನ್ನು ಅಲ್ಲೇ ಉಳಿದುಬಿಡುವವರು ಎಂದೇ ಮೊದಲು ತಿಳಿಯುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಕೇಳಿದವರದು. ನಮ್ಮ ಬೀದಿಯದು ತದ್ವಿರುದ್ಧ. ಹೋದವರು ಬಂದೇ ಬರುತ್ತಾರೆ ಎಂದುಕೊಂಡೇ ಯಾವಾಗ ಬರುತ್ತೀರಿ ಎಂದು ಕೇಳುವುದು.

ವಿಮಾನ ನಿಲ್ದಾಣ ನಮಗೂ ಇದೆ, ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ, ಹತ್ತಿರದಲ್ಲೇ. ಆದರೆ ಪರದೇಶಕ್ಕೆ ಬಿಡುವ ಇಮಿಗ್ರೇಷನ್ ಅಲ್ಲಿಲ್ಲ. ಹಾಗಾಗಿ ಚಟ್ನಿಪುಡಿ, ಅಂಟಿನುಂಡೆಯ ಸಮೇತ ಫ್ಲೈಬಸ್ ಹತ್ತಿ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ಹೊರಟರು.

ಅಮೆರಿಕದ ಕೌಂಟರಿನಲ್ಲಿ ರಾಯರು ಎರಡು ಮಾತಿಗೆ ಪಾಸು. ಅವರ ಮನೆಯವರದು ಬೆರಳಿನ ತಾಪತ್ರಯ. ನಾಲ್ಕು ಬೆರಳು ಗಾಜಿನ ಮೇಲೆ, ಆಮೇಲೆ ಹೆಬ್ಬೆಟ್ಟು. ಜೀವಮಾನವೆಲ್ಲ ಹುಣಸೆಹಣ್ಣು ಕಿವುಚಿ, ಪಾತ್ರೆ ಉಜ್ಜಿ ಗೆರೆಯೇ ಸವೆದ ಕೈ. ಯಂತ್ರಕ್ಕೆ ಏನೂ ಕಾಣಿಸಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಇನ್ನೂ ಗಟ್ಟಿಯಾಗಿ ಎಂದು ಅಧಿಕಾರಿ ಕೈಸನ್ನೆ ಮಾಡಿದ. ಎಡಗೈಯನ್ನು ಬಲಗೈ ಮೇಲಿಟ್ಟು, ಚಕ್ಕುಲಿ ಒರಳು ಒತ್ತುವ ಹಾಗೆ ಅದುಮಿದ ಮೇಲೆ ಹಿಡಿಯಿತಂತೆ.

ಅಷ್ಟಾದ ಮೇಲೆ ಬೆರಳಿನ ಸಹವಾಸವೇ ಆಕೆಗೆ ಬೇಡವಾಗಿತ್ತು. ಮುಂಚೆಯೇ ನೋಂದಾಯಿಸಿಕೊಂಡು ಬೆರಳಚ್ಚು, ಫೋಟೊ ಕೊಟ್ಟವರಿಗೆ ಬೆಂಗಳೂರಿನಲ್ಲಿ 2025ರ ಜನವರಿಯಿಂದ ತಂತಾನೇ ತೆರೆಯುವ ಗೇಟು ಬಂದಿದೆ. ಅಧಿಕಾರಿಯ ಮುಂದೆ ನಿಲ್ಲಬೇಕಿಲ್ಲ. ಮುಂದಿನ ಸಲ ಹೋದಾಗ ರಾಯರು ಮಾತ್ರ ಅದಕ್ಕೆ ಸೇರಿದರು, ಆಕೆ ಹಳೇ ಸಾಲಿನಲ್ಲೇ ಉಳಿದರು. ವಾಪಸು ಬಂದ ರಾತ್ರಿ ರಾಯರನ್ನು ಗೇಟು ಕಣ್ಣುಮುಚ್ಚಿ ತೆಗೆಯುವುದರೊಳಗೆ ಬಿಟ್ಟಿತು. ಆಕೆಗೆ ಸಿಕ್ಕ ಕೌಂಟರಿನಲ್ಲಿದ್ದ ಹುಡುಗಿ ಕನ್ನಡದವಳು. ಪಾಸ್‌ಪೋರ್ಟ್ ತಿರುವಿ, "ಮೈಸೂರಲ್ಲಿ ಎಲ್ಲಮ್ಮಾ?" ಅಂದಳಂತೆ. ಅಮೆರಿಕದ ಕೌಂಟರಿನಲ್ಲಿ ಬಾಯಿ ಕಟ್ಟಿಕೊಂಡಿದ್ದಾಕೆ ಮೊಮ್ಮಗುವಿನ ಹಲ್ಲಿನವರೆಗೂ ಹೇಳಿಯೇ ಬಂದರು.

"ಮಿಷನ್ನು ನನ್ನನ್ನ ಬೇಗ ಬಿಡ್ತು ಸ್ವಾಮಿ," ಅಂದರು ರಾಯರು. "ಬಿಟ್ಟು ಏನಾಯ್ತು? ಬೆಲ್ಟಿನ ಹತ್ರ ನಿಂತು ಇವಳಿಗೆ ಕಾದೆ."