ನೀಲಿ ಗುರುತೂ ಒಂದು ವಿಚಿತ್ರ ಸ್ವಪ್ನವೂ

ಈ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ಕೇಳಿದಾಗ ಶಾಲೆಯ ದಿನಗಳ ನೆನಪುಗಳೇ ನಮಗೆ ಮೊದಲು ಬಂದುವು. ಆದರೆ ಅಂಥ ಲೇಖನಗಳನ್ನು ನಮಗಿಂತ ಸಮರ್ಥರಾದವರು ಬರೆಯುವರು. ನಾವಾದರೋ ಕೈಯಲ್ಲಿ ಸದಾ ಗುಂಯ್‌ಗುಡುತ್ತಿರುವ ಫೋನಿನ ವಿಷಯವಾಗಿಯೂ, ಅದರ ದೆಸೆಯಿಂದ ಕಂಡ ಒಂದು ಕನಸಿನ ವಿಷಯವಾಗಿಯೂ ನಾಲ್ಕು ಮಾತುಗಳನ್ನು ಹೇಳುತ್ತೇವೆ. ವಾಚಕ ಭಗಿನಿಯರು ಬೇಸರಪಡಬಾರದು.

ನಮ್ಮ ತರಗತಿಯವರದೊಂದು ವಾಟ್ಸಾಪ್ ಗುಂಪು ಇದೆ. ನಲವತ್ತು ವರ್ಷಗಳಿಂದ ಮುಖ ಕಾಣದಿದ್ದವರನ್ನು ಅದು ಒಂದುಗೂಡಿಸಿತೆಂಬುದರಲ್ಲಿ ಸಂಶಯವಿಲ್ಲ. ಮೊದಲನೆಯ ವಾರವೆಲ್ಲ ಆನಂದವೇ ಆನಂದ. ಎರಡನೆಯ ವಾರದಿಂದ ಸುಪ್ರಭಾತಗಳು ಆರಂಭವಾದುವು. ಬೆಳಿಗ್ಗೆ ಐದು ಗಂಟೆಗೆ ಒಂದು ಗುಲಾಬಿ, ಐದೂಕಾಲಿಗೆ ಹಬೆಯಾಡುವ ಕಾಫಿಯ ಬಟ್ಟಲು, ಐದೂವರೆಗೆ ಸೂರ್ಯೋದಯ. ಹೊರಗೆ ನೋಡಿದರೆ ಸೂರ್ಯನು ಇನ್ನೂ ಹುಟ್ಟಿಯೇ ಇರುವುದಿಲ್ಲ! ಆಮೇಲೆ ಲಿಂಬೆಹಣ್ಣಿನಿಂದ ಸಕಲ ರೋಗಗಳೂ ವಾಸಿಯಾಗುವುವೆಂಬ ಉಪದೇಶ. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಶ್ರೇಷ್ಠವೆಂದು ಯುನೆಸ್ಕೋ ಸಂಸ್ಥೆಯು ಸಾರಿತೆಂಬ ಸುದ್ದಿಯು ಸುಳ್ಳೆಂದು ತಿಳಿದುಬಂದು ಎಷ್ಟೋ ವರ್ಷಗಳಾದರೂ, ಆಗಸ್ಟಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ತಪ್ಪದೆ ಬರುತ್ತದೆ. 2018ರಲ್ಲಿ ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚು ಸಾಗಿಸಕೂಡದೆಂದು ಕಟ್ಟುಮಾಡಿದರು. ನಮ್ಮ ಗೆಳತಿಯರ ಉತ್ಸಾಹವು ಇದರಿಂದ ಕುಂದಲಿಲ್ಲ, ಐದೈದಾಗಿ ಸಾಗಿಸಿದರು.

1843ರಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ಸಾಹೇಬರು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಹದಿನೈದು ದಿವಸಗಳಿಗೊಮ್ಮೆ ಬರುತ್ತಿತ್ತು. ಕನ್ನಡದ ಆ ಮೊದಲನೆಯ ಪತ್ರಿಕೆಯ ವಾಚಕರಿಗೆ ಓದಿದ ಸುದ್ದಿಯನ್ನು ಮನಸ್ಸಿಗೆ ತಂದುಕೊಳ್ಳಲು ಹದಿನೈದು ದಿವಸಗಳಿದ್ದುವು. ನಮಗೋ ಹದಿನೈದು ಕ್ಷಣಗಳೂ ಇಲ್ಲ.

ಇನ್ನು ನೀಲಿ ಗುರುತಿನ ಮಾತು. ಕಳುಹಿಸಿದ ಸಂದೇಶವು ಮುಟ್ಟಿದರೆ ಎರಡು ಬೂದುಬಣ್ಣದ ರೈಟು ಗುರುತುಗಳು ಬೀಳುತ್ತವೆ. ಮುಟ್ಟಿದವರು ಅದನ್ನು ನೋಡಿದರೆ ಅವು ನೀಲಿಯಾಗುತ್ತವೆ. ಗುಂಪಿನಲ್ಲಾದರೆ ಎಲ್ಲರೂ ನೋಡಿದ ಬಳಿಕವೇ ನೀಲಿ. 2014ರ ನವೆಂಬರಿನಲ್ಲಿ ಈ ನೀಲಿಯು ಬಂದಂದಿನಿಂದ “ನೋಡಿಯೂ ಸುಮ್ಮನಿದ್ದಳು” ಎಂಬ ಮನಸ್ತಾಪಗಳಿಗೆ ಲೆಕ್ಕವಿಲ್ಲ. ಇದನ್ನು ತಪ್ಪಿಸುವುದಕ್ಕೆ ನಾವು ಒಂದು ಉಪಾಯವನ್ನು ಕಂಡುಕೊಂಡಿದ್ದೆವು: ಏನೇ ಬರಲಿ, ಕೈಮುಗಿದ ಚಿತ್ರವೊಂದನ್ನು ಒತ್ತಿಬಿಡುವುದು. ಮದುವೆಗೂ ಅದೇ, ಮರಣಕ್ಕೂ ಅದೇ, ಲಿಂಬೆಹಣ್ಣಿಗೂ ಅದೇ.

ಹೀಗಿರಲು ಕಳೆದ ಮಳೆಗಾಲದ ಒಂದು ರಾತ್ರಿ ನಮಗೆ ಕನಸು ಬಿತ್ತು. ನಮ್ಮ ಶಾಲೆಯ ಹಂಚಿನ ಮಾಡಿನ ತರಗತಿ; ಪ್ರಬಂಧದ ಪಾಠ. ಟೀಚರು ಪುಸ್ತಕಗಳ ಕಟ್ಟನ್ನು ಮೇಜಿನ ಮೇಲಿಟ್ಟುಕೊಂಡು ತಿದ್ದುತ್ತಿದ್ದರು. ಎಂದಿನ ಕೆಂಪು ಶಾಯಿಯಲ್ಲ, ನೀಲಿ ಶಾಯಿ. ಪುಟವನ್ನು ತೆರೆಯುವುದು, ಎರಡು ರೈಟು ಹಾಕುವುದು, ಮುಚ್ಚುವುದು, ಒಂದಕ್ಷರವನ್ನೂ ಓದುವುದಿಲ್ಲ. ಎಲ್ಲರಿಗೂ ಪೂರ್ಣ ಅಂಕಗಳು ದೊರೆತುದರಿಂದ ತರಗತಿಯೆಲ್ಲ ಹಿಗ್ಗುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದುಬಂದು ತನ್ನ ಪುಸ್ತಕವನ್ನು ಚಾಚಿದಳು. ಅದರಲ್ಲಿ ಒಂದೇ ಸಾಲು. ಅದಕ್ಕೂ ಎರಡು ರೈಟು ಬಿದ್ದುವು. ಹುಡುಗಿ ಕದಲಲಿಲ್ಲ, “ಓದಿದಿರಾ, ಟೀಚರ್?” ಎಂದಳು. ಟೀಚರು ತಲೆಯೆತ್ತಿದರು. ಆ ಮುಖವು ನಮ್ಮದಾಗಿತ್ತು!

ಎಚ್ಚರವಾಯಿತು. ಗಂಟೆ ಮೂರು. ಆ ಹುಡುಗಿ ಯಾರೆಂಬುದು ತಿಳಿದಿತ್ತು; ಅವಳು ಈಗ ಕಾರ್ಕಳದಲ್ಲಿ ಒಂಟಿಯಾಗಿರುತ್ತಾಳೆ, ಮಗನು ದುಬಾಯಿಯಲ್ಲಿದ್ದಾನೆ. ದೀಪ ಹಾಕಿ ಗುಂಪಿನ ಸಂದೇಶಗಳನ್ನು ಹಿಂದಕ್ಕೆ ತಿರುವಿದೆವು. ಗುಲಾಬಿಗಳೆಷ್ಟು, ಸೂರ್ಯೋದಯಗಳೆಷ್ಟು! ಕಡೆಗೆ ಹತ್ತೊಂಬತ್ತು ದಿವಸಗಳ ಹಿಂದಿನದೊಂದು ಸಾಲು ಸಿಕ್ಕಿತು: “ನಾಳೆ ನನಗೆ ಆಪರೇಶನ್ ಇದೆ. ಎಲ್ಲರೂ ನನಗೋಸ್ಕರ ಪ್ರಾರ್ಥಿಸಿರಿ.” ಅದರ ಕೆಳಗೆ ಕೈಮುಗಿದ ಚಿತ್ರಗಳು ಏಳು. ಮೂರನೆಯದು ನಮ್ಮದೇ. ಚಿತ್ರವನ್ನು ಒತ್ತಿದ್ದೆವು, ಕೈಗಳನ್ನು ಮುಗಿದಿರಲಿಲ್ಲ.

ಬೆಳಗಾಗುವುದನ್ನೇ ಕಾದು ಫೋನು ಮಾಡಿದೆವು. “ಏನೇ, ಬದುಕಿದ್ದೀಯಾ?” ಎಂದು ಅವಳೇ ಕೇಳಿದಳು. ನಾವು ಅವಳನ್ನು ಕೇಳಬೇಕಾಗಿದ್ದ ಪ್ರಶ್ನೆ ಅದು. ಕ್ಷಮೆ ಬೇಡಲು ಹೊರಟರೆ ನಕ್ಕು, “ನಾಲ್ಕನೆಯ ದಿನ ನೀಲಿಯಾಯಿತು. ಎಲ್ಲರೂ ನೋಡಿದ್ದೀರಿ ಎಂದು ತಿಳಿಯಿತು ಬಿಡು,” ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಹಗುರವಾಗುತ್ತಿತ್ತು.

ಅದೇ ದಿನ ಕಾರ್ಕಳದ ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಅವಳ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಮಲಗಿದವಳು ನೆರೆಮನೆಯ ಬೀಡಿ ಕಟ್ಟುವ ಹೆಂಗಸೆಂದು ಅಲ್ಲಿ ತಿಳಿಯಿತು. ಆಕೆಯಲ್ಲಿ ಇಂಥ ಫೋನು ಇಲ್ಲ. ಆಕೆ ನಮ್ಮ ಮತದವಳೂ ಅಲ್ಲ. ನಾವು ಹೋದಾಗಲೂ ಬೀಡಿಯ ಮೊರವನ್ನು ಬದಿಗಿಟ್ಟು ಗಂಜಿ ಬಡಿಸುತ್ತಿದ್ದಳು.

ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನ ಸಾಮ್ಯವನ್ನು ಶಾಲೆಯಲ್ಲಿ ಎಷ್ಟು ಸಲ ಬಾಯಿಪಾಠ ಒಪ್ಪಿಸಿದ್ದೇವೆ! ಯಾಜಕನೂ ಲೇವಿಯನೂ ಅವನನ್ನು ಕಾಣದೆ ಹೋದವರಲ್ಲ. ಇಬ್ಬರೂ ಕಂಡರೆಂದೇ ಲೂಕನು ಬರೆಯುತ್ತಾನೆ. ಇಂದಿನ ದಿನವಾಗಿದ್ದರೆ ಅವರ ಹೆಸರುಗಳ ಮುಂದೆಯೂ ಎರಡು ನೀಲಿ ಗುರುತುಗಳು ಬೀಳುತ್ತಿದ್ದುವು.

ಗುಂಪನ್ನು ನಾವು ಬಿಟ್ಟಿಲ್ಲ. ಆ ಸಾಲು ನಮಗೆ ಮುಟ್ಟಿದ್ದೂ ಅದರ ಮೂಲಕವೇ ಅಲ್ಲವೆ? ಈಗ ಯಾರಾದರೂ ತಮ್ಮ ಸ್ವಂತ ಮಾತಿನಲ್ಲಿ ಒಂದು ಸಾಲು ಬರೆದರೆ ಚಿತ್ರವನ್ನು ಒತ್ತದೆ ಫೋನು ಮಾಡುತ್ತೇವೆ. ಕಾರ್ಕಳದಿಂದ ಬಂದ ಮರುದಿನ ಬೆಳಿಗ್ಗೆ ಐದು ಗಂಟೆಗೆ ಗುಂಪಿನಲ್ಲಿ ಒಂದು ಗುಲಾಬಿ ಬಂದಿತು. ಕಳುಹಿಸಿದವಳು ಅವಳೇ. ಆ ಒಂದು ಗುಲಾಬಿಯನ್ನು ಮಾತ್ರ ನಾವು ಬಹಳ ಹೊತ್ತು ನೋಡಿದೆವು.