ನನ್ನನ್ನು ಊರು ಬಿಡಿಸಿದ ಕೊಳೆ

ಪುಣೆಯ ಕನ್ನಡಿಗರನ್ನು "ಊರು ಯಾಕೆ ಬಿಟ್ರಿ?" ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ಹೋಟೆಲ್ ಕೆಲಸಕ್ಕೆ ಬಂದವರು, ಇನ್ನೊಬ್ಬರು ಮಿಲಿಟರಿ ಕಚೇರಿಯ ಗುಮಾಸ್ತಿಕೆಗೆ, ಮತ್ತೊಬ್ಬರು ಪಿಂಪ್ರಿಯ ಕಾರ್ಖಾನೆಗೆ. ನನ್ನ ಉತ್ತರ ಕೇಳಿ ಎಲ್ಲರೂ ನಗುತ್ತಾರೆ. ನನ್ನನ್ನು ಊರು ಬಿಡಿಸಿದ್ದು ಅಡಿಕೆಯ ಕೊಳೆರೋಗ.

ಶಿರಸಿ ಸೀಮೆಯಲ್ಲಿ ನಮ್ಮದು ಎರಡು ಎಕರೆ ತೋಟ. 1980ರ ಮಳೆಗಾಲದಲ್ಲಿ ನಾನು ಬಿ.ಕಾಂ. ಓದುತ್ತಿದ್ದೆ. ಎರಡನೇ ಸಲ ಮದ್ದು ಹೊಡೆಯೋಣವೆಂದರೆ ಮಳೆ ಹೊಳವಾಗಲೇ ಇಲ್ಲ. ಹಸಿರು ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಮೂಡಿತು, ಆಮೇಲೆ ಉದುರತೊಡಗಿತು. ಬಿದ್ದ ಅಡಿಕೆಯ ಮೇಲೆಲ್ಲ ಬಿಳಿ ಬೂಷ್ಟು. ಮುಕ್ಕಾಲು ಪಾಲು ಬೆಳೆ ನೆಲದಲ್ಲೇ ಕೊಳೆಯಿತು. ಸಾಲ ಹಾಗೇ ಉಳಿಯಿತು. "ಒಬ್ಬ ತೋಟ ನೋಡ್ಲಿ, ಒಬ್ಬ ನೌಕರಿ ಹಿಡೀಲಿ" ಎಂದರು ಅಪ್ಪಯ್ಯ. ಅಣ್ಣ ಉಳಿದ. ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ, 1984ರಲ್ಲಿ ಬ್ಯಾಂಕಿನ ನೌಕರಿ ಹಿಡಿದು ಪುಣೆಗೆ ಬಂದೆ.

ಹಿಂದಿನ ವರ್ಷ ಮನೆಯ ಗಲಾಟೆಯಲ್ಲಿ ಚೌಡಿಗೆ ಕೊಡುವುದು ತಪ್ಪಿಹೋಗಿತ್ತು. ಕೊಳೆ ಬಂದದ್ದು ಅದಕ್ಕೇ ಎಂದು ಊರಿನ ಹಿರಿಯರು ಹೇಳಿದರು. ಅಪ್ಪಯ್ಯ ಕೊನೆಯವರೆಗೂ ಅದನ್ನೇ ನಂಬಿದ್ದರು. "ನನ್ನಿಂದ ನೀನು ದೂರ ಆದೆ" ಎಂದು ಒಂದೆರಡು ಸಲ ನನ್ನೆದುರೇ ಹೇಳಿದ್ದುಂಟು.

ಕೊಳೆ ಇಲ್ಲಿಯೂ ನನ್ನ ಬೆನ್ನು ಬಿಡಲಿಲ್ಲ. ತೊಂಬತ್ತರ ದಶಕದಲ್ಲಿ ಬೆಳೆಸಾಲದ ತಪಾಸಣೆಗೆ ನಾರಾಯಣಗಾಂವ್ ಕಡೆ ದ್ರಾಕ್ಷಿ ತೋಟಗಳಿಗೆ ಹೋಗುತ್ತಿದ್ದೆ. ಅಲ್ಲಿ ಡ್ರಮ್ಮಿನಲ್ಲಿ ಅದೇ ನೀಲಿ ದ್ರಾವಣ! 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ನಮ್ಮ ತೋಟದ ಲೆಕ್ಕವೂ ಅದೇ. ಆ ನೀಲಿಯನ್ನು ನೋಡಿದಾಗಲೆಲ್ಲ ಅಪ್ಪಯ್ಯನ ಕೈ ನೆನಪಾಗುತ್ತಿತ್ತು. ಅಡಿಕೆಗೂ ದ್ರಾಕ್ಷಿಗೂ ಒಂದೇ ಮದ್ದು ಹೇಗೆ ಎಂದು ಕೇಳಲು ಆಗ ಪುರುಸೊತ್ತಿರಲಿಲ್ಲ.

ಪುರುಸೊತ್ತು ಸಿಕ್ಕಿದ್ದು 2020ರಲ್ಲಿ ನಿವೃತ್ತನಾದ ಮೇಲೆ. ನಮ್ಮ ಕೆಳಗಿನ ಫ್ಲ್ಯಾಟಿನ ಮರಾಠಿ ಹುಡುಗಿ ಆಗ ಎಂ.ಎಸ್ಸಿ. ಓದುತ್ತಿದ್ದಳು. ಇಲ್ಲಿನ ಆಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ದೇಶದ ಶಿಲೀಂಧ್ರಗಳನ್ನು ಸಂಗ್ರಹಿಸಿ ಜೀವಂತ ಇಟ್ಟಿದ್ದಾರೆ ಎಂದು ನನಗೆ ಹೇಳಿದವಳು ಅವಳೇ. ಒಂದು ದಿನ ಅಣ್ಣ ಕಳಿಸಿದ ಕೊಳೆ ಅಡಿಕೆಯ ಫೋಟೋ ತೋರಿಸಿ, ಇದು ಯಾವ ಬೂಷ್ಟು ಅಂತ ಕೇಳಿದೆ. "ಕಾಕಾ, ತೀ ಬುರಶೀಚ್ ನಾಹೀ!" ಎಂದಳು. ಅದು ಬೂಷ್ಟೇ ಅಲ್ಲವಂತೆ!

ಅವಳು ಕೊಟ್ಟ ಪುಸ್ತಕಗಳನ್ನು, ಸರ್ಕ್ಯುಲರ್ ಓದುವ ಹಾಗೆ, ಗೆರೆ ಎಳೆದು ಓದಿದೆ. ಕೊಳೆಯ ಜೀವಿ ಫೈಟಾಫ್ತೊರಾ. ನೋಡಲು ಬೂಷ್ಟಿನಂತಿದ್ದರೂ ಸಮುದ್ರದ ಕಂದು ಪಾಚಿಯ ದಾಯಾದಿ. ಶಿಲೀಂಧ್ರದ ಕೋಶದ ಗೋಡೆಯಲ್ಲಿರುವುದು ಕೈಟಿನ್. ಇದರಲ್ಲಿ ಗಿಡಗಳಲ್ಲಿರುವಂಥ ಸೆಲ್ಯುಲೋಸ್ ಇರುತ್ತದೆ. ಇದರ ಬೀಜಾಣುಗಳು ಎರಡು ಬಾಲ ಬೀಸುತ್ತ ಮಳೆನೀರಿನಲ್ಲಿ ಈಜುತ್ತವೆ. ಬಿಡದೆ ಸುರಿಯುವ ಮಳೆ ಅದಕ್ಕೆ ಹಬ್ಬ. ದ್ರಾಕ್ಷಿಯ ಡೌನಿ ರೋಗವೂ ಇದೇ ಬಳಗದ್ದು. ಫ್ರಾನ್ಸಿನ ಬೋರ್ಡೋದಲ್ಲಿ ಕಳ್ಳರು ಹಣ್ಣು ಮುಟ್ಟದಿರಲೆಂದು ದಾರಿಬದಿಯ ಬಳ್ಳಿಗೆ ಸುಣ್ಣ, ಮೈಲುತುತ್ತ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಕಂಡು, 1885ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಅದನ್ನು ಮದ್ದಾಗಿ ಪ್ರಕಟಿಸಿದ. ಮೈಸೂರು ಸರ್ಕಾರದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದು, ಅದೇ ಮದ್ದನ್ನು ಅಡಿಕೆಗೆ ತಂದರು.

ಐರ್ಲೆಂಡಿನಲ್ಲಿ 1845ರಿಂದ ಆಲೂಗೆಡ್ಡೆ ಕೊಳೆತದ್ದೂ ಇನ್ನೊಂದು ಫೈಟಾಫ್ತೊರಾದಿಂದ. ಸುಮಾರು 10 ಲಕ್ಷ ಜನ ಸತ್ತರು, ಲಕ್ಷಗಟ್ಟಲೆ ಜನ ಹಡಗು ಹತ್ತಿ ದೇಶ ಬಿಟ್ಟರು. ಬಡವರು ಒಂದೇ ಬೆಳೆಯನ್ನು ನೆಚ್ಚಿದ್ದು, ಬರದಲ್ಲೂ ಧಾನ್ಯ ಹೊರದೇಶಕ್ಕೆ ಹೋದದ್ದು ಎಲ್ಲ ಸೇರಿ ಹಾಗಾಯಿತು. ನನ್ನದು ಹುಬ್ಬಳ್ಳಿ ಮಾರ್ಗವಾಗಿ ರೈಲು ಹತ್ತಿದ ಸಣ್ಣ ಕಥೆ. ಆದರೂ ಅದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಚೌಡಿಗೂ ಇದಕ್ಕೂ ಸಂಬಂಧ ಇರಲಿಲ್ಲ ಅಣ್ಣ, ಮಳೆ ಹೊಳವಾಗಲಿಲ್ಲ ಅಷ್ಟೆ, ಎಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪಯ್ಯ ಇದನ್ನ ಕೇಳ್ಬೇಕಿತ್ತು ಮಾರಾಯ" ಎಂದ. ಚೌಡಿಗೆ ಕೊಡುವುದನ್ನು ಅವನೇನೂ ಬಿಟ್ಟಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ.

ಈಗ ಮಲೆನಾಡಿಗೆ ಎಲೆಚುಕ್ಕಿ ಬಂದಿದೆ. ಅಣ್ಣನ ಮಗ ತೋಟ ಬಿಟ್ಟು ಬೆಂಗಳೂರಿಗೆ ಹೋಗಲೋ ಎಂದು ಕೇಳುತ್ತಾನೆ. ಊರು ಬಿಟ್ಟು ನಲವತ್ತು ವರ್ಷ ದಾಟಿದ ನಾನು ಇರು ಎನ್ನಲಾರೆ, ಹೋಗು ಎನ್ನಲೂ ಮನಸ್ಸಿಲ್ಲ. ಒಂದು ಮಾತ್ರ ಹೇಳಿದೆ: "ಮರಿ, ಎಲೆಚುಕ್ಕಿ ತರುವುದು ನಿಜವಾದ ಶಿಲೀಂಧ್ರ, ಕೊಳೆಯ ಜಾತಿಯದಲ್ಲ. ಕೊಳೆಗೇ ಅಂತ ಮಾಡಿದ ಕೆಲವು ಮದ್ದು ಇದಕ್ಕೆ ನಾಟುವುದಿಲ್ಲ. ಅಂಗಡಿಯವನು ಹೇಳಿದ್ದನ್ನೆಲ್ಲ ಹೊಡೀಬೇಡ. ಮೊದಲು ಸೋಗೆ ತಗೊಂಡು ಹೋಗಿ ತಿಳಿದವರಿಗೆ ತೋರಿಸು. ಹೋಗುವ ಮಾತು ಆಮೇಲೆ."

ಹೋದ ವಾರ ಸೋಗೆಯ ತುಂಡುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಅವನು ಬಸ್ಸು ಹತ್ತಿದನಂತೆ. ಬೆಂಗಳೂರಿಗಲ್ಲ, ತೋಟಗಾರಿಕೆ ಇಲಾಖೆಗೆ.