ಇಸಾಂಪುರದ ಚಕ್ಕೆಗಳು

ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಗೆ ಹಾಸಿರುವುದು ಶಹಾಬಾದ್ ಕಲ್ಲು. ಬೇಸಗೆಯ ಮಧ್ಯಾಹ್ನ ಚಾಪೆಯೂ ಬೇಡ, ಬರಿನೆಲಕ್ಕೆ ಬೆನ್ನು ಕೊಟ್ಟು ಮಲಗುತ್ತೇವೆ. ಇವತ್ತು ಅದೇ ಭೀಮಾ ಸೀಮೆಯ ಸುಣ್ಣಕಲ್ಲಿನ ಮೇಲೆ ನಿಂತಿದ್ದೇನೆ, ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ. ಇಲ್ಲಿ ಈ ಕಲ್ಲಿಗೆ ತಂಪಿಲ್ಲ. ಹನ್ನೊಂದು ಗಂಟೆಗೇ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಕುತ್ತಿದೆ.

ಬನ್ನಿ, ಕುಕ್ಕರಗಾಲಲ್ಲಿ ಕೂರಿ. ಕಲ್ಲುಹಾಸು ತಾನಾಗಿಯೇ ಬಿರುಕು ಬಿಟ್ಟು ಹಲಗೆ ಹಲಗೆಯಾಗಿದೆ. ಬಿರುಕಿನೊಳಗೆ ಬೆರಳು ತೂರುತ್ತದೆ. ಗೇಣಿಗಿಂತ ಕಡಿಮೆ ದಪ್ಪ. ಮೀಟಿದರೆ ಎದ್ದು ಬರುವಂಥವು. ಕಲ್ಲಿನ ಆಯುಧ ಮಾಡುತ್ತಿದ್ದ ಆದಿಮಾನವರು ಇಲ್ಲಿಗೆ ಬಂದದ್ದು ಇದಕ್ಕೇ.

ಈಗ ಹೊಲ, ಕಾಲುವೆ, ಕರೆಂಟು ಕಂಬ ಎಲ್ಲವನ್ನೂ ತೆಗೆದುಬಿಡಿ. ಅಂಚಿನ ಕುಳ್ಳು ಗುಡ್ಡಗಳು ಮಾತ್ರ ಇರಲಿ. ಪಕ್ಕದಲ್ಲಿ ನೀರಿದೆ, ಈ ಕಣಿವೆಯ ಒರತೆಗಳು ಬೇಸಗೆಯಲ್ಲೂ ಜಿನುಗುತ್ತವೆ. ಒಬ್ಬಳು ಹಲಗೆಯೊಂದನ್ನು ಎಬ್ಬಿಸಿ ಓರೆಯಾಗಿ ಹಿಡಿದಿದ್ದಾಳೆ. ಬಲಗೈಯಲ್ಲಿರುವ ಗುಂಡುಕಲ್ಲು ಬೇರೆ ಜಾತಿಯದು, ಇನ್ನೂ ಗಟ್ಟಿ. ಠಣ್! ಅಂಗೈಗಿಂತ ಅಗಲದ ಚಕ್ಕೆ ಸಿಡಿಯುತ್ತದೆ. ಅದನ್ನು ತಿರುಗಿಸಿ ನೋಡುತ್ತಾಳೆ, ಅಂಚಿಗೆ ಸಣ್ಣ ಸಣ್ಣ ಏಟು ಹಾಕುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಎಲ್ಲಿ ಹೊಡೆದರೆ ಎಲ್ಲಿ ಸೀಳುತ್ತದೆ ಎಂಬುದು ಏಟಿಗೆ ಮೊದಲೇ ಅವಳಿಗೆ ಗೊತ್ತು. ಅದು ನನ್ನನ್ನು ಬೆರಗಾಗಿಸುತ್ತದೆ. ಕೈಗೊಡಲಿ ಆಯಿತು. ಕೆಟ್ಟುಹೋದದ್ದು, ಉದುರಿದ್ದು ಎಲ್ಲ ಕಾಲಬುಡದಲ್ಲೇ.

ಆ ಉದುರೇ ಉಳಿದದ್ದು. ಮೇಲೆ ಹೂಳು ತುಂಬಿತು, ಕಪ್ಪುಮಣ್ಣು ಮುಚ್ಚಿತು. ನೀರಾವರಿ ಕೆಲಸಕ್ಕೆ ಆ ಮಣ್ಣನ್ನು ಅಗೆದು ಒಯ್ದ ಮೇಲೆ, 1983ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಈ ಜಾಗವನ್ನು ಗುರುತಿಸಿದರು. 1997ರಿಂದ 2001ರವರೆಗೆ ಉತ್ಖನನ ನಡೆಯಿತು. ಚಕ್ಕೆಗಳು ಗುಂಪುಗುಂಪಾಗಿ ಬಿದ್ದಿದ್ದವು, ಕೆಲಸ ಮುಗಿಸಿ ಎದ್ದುಹೋದ ಜಾಗದಲ್ಲೇ. ಎತ್ತಿ ಎಣಿಸಿದ ಕಲ್ಲುಗಳು 13 ಸಾವಿರಕ್ಕೂ ಹೆಚ್ಚು. ಜೊತೆಗೆ ಸಿಕ್ಕ ಮೇಯುವ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಬಂದ ಕಾಲ ಸುಮಾರು 12 ಲಕ್ಷದ 70 ಸಾವಿರ ವರ್ಷ. ಲೆಕ್ಕ ಒಂದು ಲಕ್ಷದ ಎಪ್ಪತ್ತು ಸಾವಿರ ವರ್ಷ ಆಚೀಚೆ ಆಗಬಹುದು ಎಂದೂ ಪರೀಕ್ಷಿಸಿದವರೇ ಹೇಳಿದ್ದಾರೆ. ನಮ್ಮ ಮನುಷ್ಯಕುಲ ಹುಟ್ಟುವುದಕ್ಕೆ ಎಷ್ಟೋ ಮೊದಲು ಬದುಕಿದ್ದ ಕೈಗಳು ಅವು.

ಕಾಲಬಳಿ ಒಂದು ಚಕ್ಕೆ. ಎತ್ತಿಕೊಳ್ಳುತ್ತೇನೆ. ಮಳೆ-ಬಿಸಿಲಿಗೆ ಒಡೆದ ಕಲ್ಲಲ್ಲ ಇದು: ಏಟು ಬಿದ್ದ ಕಡೆ, ಒಳಮೈಯಲ್ಲಿ ನಯವಾದ ಉಬ್ಬಿದೆ. ಹೆಬ್ಬೆರಳು ಅದರ ಮೇಲೆ ತಾನಾಗಿ ಕೂರುತ್ತದೆ. ಅಂಚು ಸವೆದಿದೆ, ಆದರೂ ಚರ್ಮಕ್ಕೆ ತಗಲುತ್ತದೆ. ಸ್ವಲ್ಪ ಹೊತ್ತು ಹಿಡಿದಿದ್ದು, ಎತ್ತಿದ ಗುಳಿಯಲ್ಲೇ ಅದೇ ಮಗ್ಗುಲಿಗೆ ಇಡುತ್ತೇನೆ. ಬಿಸಿ ಇನ್ನೂ ಅಂಗೈಯಲ್ಲಿದೆ.